ಕಡೆಯೋನೊಬ್ಬ, ಬಣ್ಣ ಹಾಕೋನೊಬ್ಬ

ಚನ್ನಪಟ್ಟಣದ ಆ ಬೊಂಬೆ ಕಾರ್ಖಾನೆಗೆ ಸೇರಿದಾಗ ನಾನು ಬಿ.ಬಿ.ಎಂ. ಪಾಸಾಗಿ ಮೂರು ತಿಂಗಳು. ಯೋಜನೆ, ಸಂಘಟನೆ, ನಿರ್ದೇಶನ, ಸಮನ್ವಯ, ನಿಯಂತ್ರಣ, ಮ್ಯಾನೇಜರ್ ಮಾಡಬೇಕಾದ ಐದೂ ಕೆಲಸ ನಾಲಿಗೆ ತುದಿಯಲ್ಲಿದ್ದವು. ನಮ್ಮ ಮ್ಯಾನೇಜರ್ ಇವುಗಳಲ್ಲಿ ಒಂದನ್ನಾದರೂ ಮಾಡುತ್ತಾರೇನೋ ಅಂತ ವಾರವಿಡೀ ಕಾದೆ. ಅವರು ಬೆಳಿಗ್ಗೆ ಎದ್ದು ಬಂದವರೇ ಕರೆಂಟ್ ಆಫೀಸಿಗೆ ಫೋನ್ ಮಾಡಿ, "ಅಣ್ಣಾ, ಒಸಿ ನೋಡಣ್ಣಾ" ಅನ್ನೋರು. ಆಮೇಲೆ ಯಾರದೋ ಮಗಳ ಸೀಮಂತಕ್ಕೆ ರಜ, ಕುದೂರಿಂದ ಬರಬೇಕಾದ ಮರದ ಲಾರಿ ಎಲ್ಲಿ ಕೆಟ್ಟು ನಿಂತಿದೆ ಅನ್ನೋ ವಿಚಾರಣೆ, ನಡುನಡುವೆ ಪೆನ್ನಿನ ಮುಚ್ಚಳದಲ್ಲಿ ಕಿವಿ ಕೆರೆದುಕೊಳ್ಳೋದು. ಇದಷ್ಟನ್ನೂ ಊಟದ ಹೊತ್ತಲ್ಲಿ ಕೆಲಸಗಾರರ ಮುಂದೆ ಅವರದೇ ಮೂಗುದನಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಟೈ ಕಟ್ಟಿಕೊಂಡು ಮರದ ಪುಡಿಗೆ ಸೀನುವ ಟ್ರೈನಿಯನ್ನೂ ಮಾಡುತ್ತಿದ್ದೆ. ಆ ಟ್ರೈನಿ ನಾನೇ.

ಒಂದು ವಾರ ಗಿಲಕಿಗಳ ದೊಡ್ಡ ಆರ್ಡರ್ ಬಂತು. ಶನಿವಾರ ಲಾರಿಗೆ ಹೋಗಬೇಕು. ನಾನು ಚಾರ್ಟ್ ಬರೆದೆ: ಶ್ರಮ ವಿಭಜನೆ. ಕೆಲವರು ಬರೀ ಮರ ಕಡೆಯಲಿ, ಕೆಲವರು ಬರೀ ಬಣ್ಣ ಹಾಕಲಿ. ಮ್ಯಾನೇಜರ್ ಕಿವಿ ಕೆರೆದುಕೊಂಡು, "ಮಾಡ್ ನೋಡಯ್ಯ" ಅಂದರು.

ಅಲ್ಲಿಯವರೆಗೆ ಕಡೆದವನೇ ಬಣ್ಣ ಹಾಕುತ್ತಿದ್ದ. ಲೇತಿನಲ್ಲಿ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹಿಡಿಯುತ್ತದೆ. ನನ್ನ ಚಾರ್ಟಿನ ಪ್ರಕಾರ ಗಿಲಕಿಯನ್ನು ಬಿಚ್ಚಿ ಇನ್ನೊಂದು ಲೇತಿಗೆ ಸಿಕ್ಕಿಸಬೇಕು. ಸಿಕ್ಕಿಸಿದರೆ ಕೂದಲೆಳೆಯಷ್ಟು ಸೆಂಟರ್ ತಪ್ಪುತ್ತದೆ, ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೋಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಎರಡು ಬುಟ್ಟಿ ತೊನ್ನು ಹಿಡಿದಂಥ ಗಿಲಕಿಗಳು.

ಎಲ್ಲರಿಗಿಂತ ಹಿರಿಯ ಕೆಲಸಗಾರರು ಮೊಳೆಯಿಂದ ಅಂಗಿ ತೆಗೆದುಕೊಂಡರು. "ಮಗೀನ ಹೆತ್ತು ಹೆಸರಿಡಬ್ಯಾಡ ಅಂದಂಗಾಯ್ತು ಇದು. ಇನ್ನು ನಾ ಬರಾಕಿಲ್ಲ" ಅಂದು ನಡೆದುಬಿಟ್ಟರು. ಅವರಿಲ್ಲದೆ ಶನಿವಾರಕ್ಕೆ ಆರ್ಡರ್ ಹೋಗುವ ಮಾತೇ ಇರಲಿಲ್ಲ. ಆವತ್ತು ನಾನು ಯಾರ ಅಣಕವನ್ನೂ ಮಾಡಲಿಲ್ಲ.

ಸಂಜೆ ಮ್ಯಾನೇಜರ್ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಆ ಹಿರಿಯರ ಮನೆಗೆ ಹೋದರು. ಜಗಲಿ ಮೇಲೆ ಕೂತು, "ಯಜಮಾನ್ರೇ, ತಪ್ಪು ನಂದೇ. ಆ ಚಾರ್ಟ್ ನಾನೇ ಮಾಡಿಸಿದ್ದು" ಅಂದರು.

ನನ್ನ ಪುಸ್ತಕದ ಯಾವ ಅಧ್ಯಾಯದಲ್ಲೂ ಇದು ಇರಲಿಲ್ಲ. ತಡೆಯಲಾಗದೆ, "ಇಲ್ಲ, ಬರೆದೋನು ನಾನು" ಅಂದೆ.

"ಗೊತ್ತು ಕಣ್ಲಾ," ಹಿರಿಯರು ನನ್ನ ಕಡೆ ತಿರುಗಿದರು. "ಈ ಯಪ್ಪ ಇಷ್ಟ್ ವರ್ಸದಲ್ಲಿ ಒಂದ್ ಗೆರೆ ನೆಟ್ಟಗೆ ಎಳ್ದಿದ್ದ ನಾ ಕಂಡಿಲ್ಲ."

ಮೊದಲು ನಕ್ಕವರು ಮ್ಯಾನೇಜರ್ರೇ.

"ಬತ್ತೀನಿ. ಆದ್ರೆ ಇವ್ನು ಒಂದ್ ವಾರ ನನ್ ಲೇತ್ ಪಕ್ಕ ಕುಂತ್ಕಬೇಕು. ಬಾಯಿ ಬುಡಂಗಿಲ್ಲ. ಯಾರ್ ತರಾನೂ ಮಾತಾಡಂಗಿಲ್ಲ."

ಮ್ಯಾನೇಜರ್ ನನ್ನ ಮುಖ ನೋಡಿದರು. ನಿಜವಾಗಲೂ ಮರುಕ ಬಂದಿತ್ತು ಅವರಿಗೆ. "ಒಂದ್ ವಾರ ಅಂದ್ರೆ ಸತ್ತೋಯ್ತಾನೆ ಯಜಮಾನ್ರೇ. ಶನಿವಾರದಗಂಟ ಮಾಡಿ."

"ಆಯ್ತು, ಶನಿವಾರದಗಂಟ."

ಚಾರ್ಟ್ ಕಸದ ಬುಟ್ಟಿ ಸೇರಿತು, ಮತ್ತೆ ಕಡೆದವನೇ ಬಣ್ಣ ಹಾಕತೊಡಗಿದ. ಮೂರು ದಿನ ಕೂತೆ. ಹೊಳಪು ಕೊಡಲು ತಾಳೆಗರಿ ಸೀಳಿಕೊಟ್ಟೆ, ಅವರ ಕೈ ನೋಡಿದೆ. ಮ್ಯಾನೇಜರ್ ದಿನಕ್ಕೆ ಹತ್ತು ಸಲ ಬಂದು ಒಬ್ಬೊಬ್ಬರ ಲೇತಿನ ಹತ್ತಿರವೂ ಎರಡು ನಿಮಿಷ ನಿಲ್ಲುತ್ತಿದ್ದರು. ಮೊದಲು ಇದನ್ನು ಸೋಮಾರಿತನ ಅಂದುಕೊಂಡು ಅಣಕಿಸಿದ್ದೆ. ಅವರು ಹೋದ ಮೇಲೆ ಆ ಲೇತ್ ಒಂಚೂರು ಹುರುಪಿನಿಂದ ತಿರುಗುತ್ತಿದ್ದದ್ದು ಈಗ ಕಂಡಿತು.

ಶನಿವಾರ ಕೊನೆಯ ಪೆಟ್ಟಿಗೆ ಲಾರಿ ಹತ್ತಿದ ಮೇಲೆ ಹಿರಿಯರು ಕೈ ಒರೆಸಿಕೊಂಡು, "ಈಗ ಮಾತಾಡು ಕಣ್ಲಾ" ಅಂದರು.

"ಸೋಮವಾರಾನೂ ಇಲ್ಲೇ ಕೂರ್ಲಾ?" ಅಂದೆ, ನನ್ನದೇ ದನಿಯಲ್ಲಿ.