ಟೀಚರಮ್ಮನ ಕಾದಂಬರಿ ಊಟ

ನಮ್ಮ ಮಹಡಿಯಲ್ಲಿ ಎದುರುಬದುರಾಗಿ ಎರಡೇ ಮನೆ. ಒಂದರಲ್ಲಿ ನಾನು ಒಬ್ಬಂಟಿ. ಇನ್ನೊಂದರಲ್ಲಿ ಟೀಚರಮ್ಮ, ಅವರ ಮಗ, ಸೊಸೆ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಅಂಗಿ ಕಾರ್ಖಾನೆಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆ ಸೇರುತ್ತಿದ್ದಳು. ಮೂವತ್ತು ವರ್ಷ ಪಾಠ ಹೇಳಿದ ಟೀಚರಮ್ಮನನ್ನು ಹೆತ್ತ ಮಗನೂ ‘ಟೀಚರ್’ ಎಂದೇ ಕರೆಯುತ್ತಿದ್ದ.

ನಿವೃತ್ತರಾದ ಆರನೇ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಬಿದ್ದುಹೋದವು. ಕಣ್ಣ ಮುಂದೆ ಅಕ್ಷರ ನಿಲ್ಲದಾಯಿತು. ನಾಲಿಗೆ ಮಾತ್ರ ಮೊದಲಿಗಿಂತ ಹರಿತವಾಯಿತು. ಕಪಾಟಿನ ತುಂಬ ಇದ್ದ ಕಾದಂಬರಿಗಳನ್ನು ದಿನಕ್ಕೆ ಒಂದು ಗಂಟೆ ಗಟ್ಟಿಯಾಗಿ ಓದುವ ಕೆಲಸ ಸೊಸೆಯ ಪಾಲಿಗೆ ಬಂತು. ಅವಳು ಅಲ್ಲಿಯವರೆಗೆ ಒಂದು ಕಥೆ ಪುಸ್ತಕವನ್ನೂ ಮುಟ್ಟಿದವಳಲ್ಲ. ತಡವರಿಸಿದರೆ ಅತ್ತೆ ಆ ಸಾಲನ್ನು ಮತ್ತೆ ಮೊದಲಿನಿಂದ ಓದಿಸುತ್ತಿದ್ದರು.

ಒಂದು ದಿನ ಓದಿನಲ್ಲಿ ಗಾಯಗೊಂಡ ಸೈನಿಕನೊಬ್ಬ ಬಂದ. ಹಾಳುಬಿದ್ದ ಮನೆಯೊಂದರಲ್ಲಿ ಯಾರೋ ಮುದುಕಿ ಅವನಿಗೆ ಈರುಳ್ಳಿ ಸೂಪು ಕಾಯಿಸಿ ಕೊಡುತ್ತಾಳೆ. ಟೀಚರಮ್ಮ ಕೈಯೆತ್ತಿ ಓದು ನಿಲ್ಲಿಸಿ, ನಾಳೆ ಅದನ್ನೇ ಮಾಡು ಎಂದರು. ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ಈರುಳ್ಳಿ ಕಂದು ಬಣ್ಣಕ್ಕೆ ತಿರುಗಿತ್ತು, ಒಣ ಬ್ರೆಡ್ಡು ಅದರಲ್ಲಿ ಮುಳುಗಿತ್ತು, ಸೈನಿಕ ಅತ್ತ. ಉಳಿದದ್ದನ್ನು ಸೊಸೆ ಊಹಿಸಬೇಕಿತ್ತು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಈರುಳ್ಳಿ ಬಾಡಿಸಿ, ಮೂಳೆ ಬೇಯಿಸಿದ ನೀರು ಸೇರಿಸಿ, ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಟೀಚರಮ್ಮ ಎರಡು ಚಮಚ ಕುಡಿದರು. ಸರಿಯಿದ್ದ ಕೈಗೆ ಕೆಂಪು ಪೆನ್ನು ತರಿಸಿಕೊಂಡು, ನೋಟ್‌ಬುಕ್ಕಿನ ಅಂಚಿನಲ್ಲಿ ಹತ್ತಕ್ಕೆ ಎರಡು ಎಂದು ಬರೆದರು.

ಅಲ್ಲಿಂದ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಅಂಬಿಗನೊಬ್ಬ ಬಿಸಿ ಮರಳಲ್ಲಿ ಹೂತು ಬೇಯಿಸಿದ ಮೀನು. ಸಿರಿವಂತರ ಮನೆಯ ಔತಣದ ಜೇನು ಸವರಿದ ಕುಂಬಳಕಾಯಿ. ಸೆರೆಮನೆಯಿಂದ ಬಿಡುಗಡೆಯಾದವನು ಮೊದಲು ತಿಂದ ಬೆಣ್ಣೆಯ ಮೊಟ್ಟೆ. ಮೀನನ್ನು ಅವಳು ಏಳು ಸಲ ಮಾಡಿದಳು. ಮಾರುಕಟ್ಟೆಯ ಹೆಂಗಸರನ್ನು ಕಾಡಿ ಬೇಡಿ ಕೇಳಿ ಬಂದಳು. ಏಳನೇ ಸಲ ಬಾಣಲೆಯ ಕಾದ ಮರಳು ಮಣಿಕಟ್ಟಿನ ಮೇಲೆ ಬಿದ್ದು ಬೊಬ್ಬೆ ಎದ್ದಿತು. ಅತ್ತೆ ಬೊಬ್ಬೆ ನೋಡಿ, ಕಥೆಯಲ್ಲಿ ಅಂಬಿಗನ ಕೈ ಸುಟ್ಟಿರಲಿಲ್ಲ ಎಂದು ಹೇಳಿ ಮೂರು ಅಂಕ ಕೊಟ್ಟರು. ಗಂಡನನ್ನು ಕೇಳಿದರೆ, ಟೀಚರ್ ಹೇಳಿದ ಮೇಲೆ ಸರಿಯೇ ಇರುತ್ತೆ ಎನ್ನುತ್ತಾ ಅದೇ ಮೀನನ್ನು ಮುಳ್ಳು ಸಮೇತ ಚೀಪುತ್ತಿದ್ದ.

ಮಿಕ್ಕದ್ದು ನನ್ನ ಮನೆಗೆ ಬರುತ್ತಿತ್ತು. ನಾನು ಸುಳ್ಳು ಹೇಳುವುದಿಲ್ಲ: ಜನ್ಮದಲ್ಲಿ ಅಂಥ ಊಟ ಉಂಡವಳಲ್ಲ. ಆ ಸೂಪಿನ ತಟ್ಟೆಯನ್ನು ನಾನು ಬೆರಳಿನಿಂದ ಸವರಿ ನೆಕ್ಕಿದ್ದೇನೆ. ತಟ್ಟೆ ತೆಗೆದುಕೊಂಡು ಹೋಗಲು ಬಂದ ಅವಳು ಬಾಗಿಲಲ್ಲಿ ನಿಂತು, ಹೇಗಿತ್ತು ಎಂದು ಕೇಳುತ್ತಿದ್ದಳು. ನಾನು ಪರವಾಗಿಲ್ಲ ಎನ್ನುತ್ತಿದ್ದೆ. ಚೆನ್ನಾಗಿದೆ ಎಂದರೆ ಅವಳೇ ಉಂಡಾಳು, ಇಲ್ಲವೇ ಅತ್ತೆಗೆ ಎದುರು ನಿಂತಾಳು. ಎರಡರಲ್ಲಿ ಯಾವುದಾದರೂ ನನ್ನ ತಟ್ಟೆಗೆ ಕಲ್ಲು. ಒಂಬತ್ತು ವರ್ಷ ನನ್ನ ಬಾಯಿಂದ ‘ಪರವಾಗಿಲ್ಲ’ ಬಿಟ್ಟು ಬೇರೆ ಮಾತು ಬರಲಿಲ್ಲ.

ಒಂಬತ್ತನೇ ವರ್ಷ ಹಳೆಯ ಡಾಕ್ಟರು ಊರು ಬಿಟ್ಟು, ಅವರ ಜಾಗಕ್ಕೆ ಹೊಸಬಳೊಬ್ಬಳು ಬಂದಳು. ಮನೆಗೇ ಬಂದು ತಪಾಸಣೆ ಮಾಡುವಾಗ ಟೀಚರಮ್ಮನನ್ನು ಕೂರಿಸಲು ಕೈ ಜೋಡಿಸಿ ಎಂದು ಸೊಸೆ ನನ್ನನ್ನೂ ಕರೆದಿದ್ದಳು. ಡಾಕ್ಟರು ಹಳೆಯ ಕಾಗದಗಳನ್ನು ಮಗುಚಿ ಹಾಕಿ, ರುಚಿ ಮತ್ತು ವಾಸನೆ ಆಮೇಲೆ ಏನಾದರೂ ಮರಳಿತೇ ಎಂದು ವಿಚಾರಿಸಿದಳು. ಕಾಯಿಲೆ ಬಿದ್ದ ದಿನವೇ ಎರಡೂ ಹೋಗಿವೆ ಎಂದು ಅಲ್ಲಿ ಬರೆದಿತ್ತು. ಟೀಚರಮ್ಮ ಗೋಡೆ ನೋಡುತ್ತಾ, ಏನೂ ಬಂದಿಲ್ಲ ಎಂದರು.

ಡಾಕ್ಟರು ಮೆಟ್ಟಿಲಿಳಿದ ಮೇಲೆ ಸೊಸೆ ಅತ್ತೆಯ ಮುಂದೆ ಬಂದು ನಿಂತಳು.

“ನಿಮಗೆ ಏನೂ ಗೊತ್ತಾಗ್ತಾ ಇರ್ಲಿಲ್ಲ. ಮತ್ತೆ ಮಾರ್ಕ್ಸ್ ಯಾಕೆ ಕೊಟ್ರಿ?”

“ನನ್ನ ನಾಲಿಗೆ ಸತ್ತಿದೆ,” ಎಂದರು ಟೀಚರಮ್ಮ. “ನಿಂದು ಬದುಕಿದೆ. ಅದರ ಸುಖ ನಿನಗೊಬ್ಬಳಿಗೇ ಯಾಕೆ ಸಿಗಬೇಕು?”

ಸೊಸೆ ಕೂಗಾಡಲಿಲ್ಲ. ಮರುದಿನ ಗೋಧಿ ನುಚ್ಚನ್ನು ನೀರಿನಲ್ಲಿ ಬೇಯಿಸಿದಳು; ಉಪ್ಪಿಲ್ಲ, ಎಣ್ಣೆಯಿಲ್ಲ. ಅದನ್ನು ಚಮಚದಲ್ಲಿ ಉಣಿಸುತ್ತಾ ಕಾದಂಬರಿ ಓದಿದಳು. ಈಗ ಎಲ್ಲೂ ತಡವರಿಸಲಿಲ್ಲ. ಕಥೆಯನ್ನೆಲ್ಲ ಹಾರಿಸಿ, ಊಟದ ಪುಟಗಳನ್ನು ಮಾತ್ರ, ಒಂದೊಂದು ಪದವನ್ನೂ ಜಗಿಯುವ ಹಾಗೆ ಓದಿದಳು. ನಿಲ್ಲಿಸು ಎಂದರೆ ಆ ಪುಟವನ್ನೇ ಮತ್ತೊಮ್ಮೆ. ಟೀಚರಮ್ಮ ಅಳುವುದು ನನ್ನ ಮನೆಗೆ ಕೇಳುತ್ತಿತ್ತು. ನುಚ್ಚನ್ನು ಕಂಡು ಮಗ ಮೊದಲ ಸಲ ಹುಬ್ಬೇರಿಸಿದ. ಹೇಗೂ ರುಚಿ ತಿಳಿಯುವುದಿಲ್ಲವಲ್ಲ ಎಂದು ಹೆಂಡತಿ ಹೇಳಿದಳು. ಅವನಿಗೆ ಅದೂ ಸರಿಯೆನಿಸಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಬಾಯಿಮಾತಿಗೆ ಹೇಳುತ್ತೇವೆ. ಸೊಸೆಯ ಕಾಲ ಎರಡು ವರ್ಷ ನಡೆಯಿತು.

ಕೊನೆಗೆ ಲೈಬ್ರರಿಯಿಂದ ತಂದ ಹೊಸ ಕಾದಂಬರಿ ಒಂದಿತ್ತು. ಅದರಲ್ಲಿ ಒಬ್ಬ ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ; ಅಲ್ಲಿಯವರೆಗೆ ಮಾತ್ರ ಸೊಸೆ ಕಥೆಯನ್ನೂ ಓದಿದ್ದಳು. ಟೀಚರಮ್ಮನಿಗೆ ಜ್ವರ ಏರಿ ಉಸಿರು ಕಟ್ಟುತ್ತಿದ್ದಾಗ, ಆ ಹುಡುಗಿ ವಾಪಸು ಬಂದಳೋ ಇಲ್ಲವೋ, ಅದೊಂದು ಹೇಳು ಎಂದು ಸೊಸೆಯ ಸೆರಗು ಹಿಡಿದರಂತೆ. ಸೊಸೆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿ, ಲೈಬ್ರರಿಗೆ ಕೊಟ್ಟು ಬಂದಳು. ಅವಳು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನು ನನಗೆ ಹೇಳಿದವಳೂ ಅವಳೇ, ಅಕ್ಕಿ ಆರಿಸುತ್ತಾ.

ಸ್ವಲ್ಪ ದಿನ ಬಿಟ್ಟು ನಾನು ನಾಚಿಕೆ ಬಿಟ್ಟು ಹೋಗಿ, ಆ ಈರುಳ್ಳಿ ಸೂಪನ್ನು ಇನ್ನೊಮ್ಮೆ ಮಾಡುತ್ತೀಯಾ, ಅಷ್ಟು ರುಚಿಯಾಗಿತ್ತು ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಅವರಿಗಾದ್ರೂ ನಾಲಿಗೆ ಸತ್ತಿತ್ತು, ಆಂಟಿ. ನಿಮಗೇನಾಗಿತ್ತು?”

ಅವಳು ಬಾಗಿಲು ಹಾಕಿಕೊಂಡಳು.

ಮರುವರ್ಷ ಕಾರ್ಖಾನೆಯವರು ಅವಳನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿ ಕ್ಯಾಂಟೀನಿನ ಅಡುಗೆಗೆ ಹಾಕಿದರು. ನಾನೂರು ಜನ ಸಾಲುಗಟ್ಟಿ ನಿಲ್ಲುತ್ತಾರೆಂದು ಕೇಳಿ ನಾನೂ ಒಂದು ಮಧ್ಯಾಹ್ನ ಹೋದೆ. ಗೇಟಿನವನು ಒಳ್ಳೆಯವನು, ಒಬ್ಬರ ಊಟ ತಾನೇ ಎಂದು ಒಳಗೆ ಬಿಟ್ಟಿದ್ದ. ಅವಳು ದೊಡ್ಡ ಸೌಟು ಹಿಡಿದು ನಿಂತಿದ್ದಳು. ನನ್ನನ್ನು ಕಂಡು ನಕ್ಕಳು. ಆಮೇಲೆ ಗೇಟಿನವನನ್ನು ಕರೆದು, ಹೊರಗಿನವರಿಗೆ ಇಲ್ಲಿ ಊಟವಿಲ್ಲವೆಂದು ನೆನಪಿಸಿ, ನನ್ನ ಹಿಂದೆ ನಿಂತಿದ್ದವನ ತಟ್ಟೆಗೆ ಬಡಿಸಿದಳು.