ಬೆಣೆಯಣ್ಣನ ಸೆಂಟ್ರಿಂಗ್

ಮೂವತ್ತು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದ ಬೆಣೆಯಣ್ಣನಿಗೆ ಸೆಂಟ್ರಿಂಗ್ ಅಂದರೇನು ಅಂತ ಗೊತ್ತಿರಲಿಲ್ಲ. ಹಾಗಂತ ಅವನು ಹಿಡಿದು ನಿಲ್ಲಿಸಿದ ಒಂದು ತಾರಸಿಯೂ ಕುಸಿದಿರಲಿಲ್ಲ, ಆ ಮಾತು ಬೇರೆ. ಕಾಂಕ್ರೀಟ್ ಸುರಿಯುವ ಮೊದಲು ಕೆಳಗೆ ಹಲಗೆ, ಕಂಬ ಕೊಡುವುದು. ಗಟ್ಟಿಯಾದ ಮೇಲೆ ಒಂದು ಕೊನೆಯಿಂದ ಹಿಡಿದು, ಕಂಬದ ಬುಡದ ಬೆಣೆಗೆ ಒಂದೇ ಏಟು ಹಾಕಿ ಬಿಚ್ಚುತ್ತಾ ಹೋಗುವುದು. ಆ ಒಂದೇ ಏಟಿನಿಂದ ಬಂದದ್ದು ಈ ಅಡ್ಡಹೆಸರು.

ಈ ಸಲ ಮಾತ್ರ ತಾರಸಿಯಲ್ಲ, ವಾಚನಾಲಯದ ಬಾಗಿಲಿಗೆ ಇಟ್ಟಿಗೆಯ ಕಮಾನು. ಕಟ್ಟುವವಳು ಅವನ ಮಗಳು. ಅವಳು ಏಳು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದರೂ ಯಾರಾದರೂ ಕೇಳಿದರೆ ಬೆಣೆಯಣ್ಣ, "ಸುಮ್ನೆ ನನ್ನ ಜೊತೆ ಬರ್ತಾಳೆ" ಎಂದು ಮಾತು ತೇಲಿಸುತ್ತಿದ್ದ. ಹೆಮ್ಮೆ ಇರಲಿಲ್ಲ ಅಂತಲ್ಲ, ಏನಾದರೂ ಎಡವಟ್ಟಾದರೆ ಜನ ನಗುತ್ತಾರೆ ಅನ್ನುವ ಪುಕ್ಕಲು. ಕಂಟ್ರಾಕ್ಟರ್ ಬೇರೆ ಮೊದಲೇ ಹೇಳಿಬಿಟ್ಟಿದ್ದ: "ಕಮಾನು ಒಂದು ಬೆರಳು ಕೆಳಗೆ ಕೂತ್ರೂ ಒಡೆಸಿ ಕಾಂಕ್ರೀಟ್ ಲಿಂಟಲ್ ಹಾಕಿಸ್ತೀನಿ. ಆಮೇಲೆ ನಿನ್ ಮಗಳು ಇಟ್ಟಿಗೆ ಹೊರೋಕೆ ಹೋಗ್ಲಿ."

ಕಮಾನಿನ ಅಚ್ಚು ಮಾಡುವ ದಿನ ಇಂಜಿನಿಯರ್ ಮೇಡಂ ಬಾಗಿಲ ಜಾಗಕ್ಕೆ ಅಡ್ಡಲಾಗಿ, ಎರಡೂ ಕಡೆಯ ಗೋಡೆಗೆ ಸೇರಿಸಿ ಒಂದು ಹಲಗೆ ಬಡಿಸಿದರು. ಅದರ ನಟ್ಟನಡುವೆ ಮೊಳೆ ಹೊಡೆಸಿ, ಮೊಳೆಗೆ ದಾರ ಕಟ್ಟಿಸಿ, ದಾರದ ತುದಿಗೆ ಗಂಟು ಹಾಕಿಸಿದರು. ಆ ಗಂಟು ಸುತ್ತಿದ ದಾರಿಯಲ್ಲೇ ಇಟ್ಟಿಗೆಯ ಒಳಮೈ ಬರಬೇಕು.

"ಈ ಮೊಳೆ ಇದೆಯಲ್ಲ, ಇದೇ ಸೆಂಟರು. ಇದರಿಂದ ಅಳೆದು ಮಾಡಿದ ಕಮಾನಿನ ಅಚ್ಚಿಗೇ ಇಂಗ್ಲಿಷ್‌ನೋರು ಸೆಂಟ್ರಿಂಗ್ ಅಂದಿದ್ದು. ತಾರಸಿಗೆ ಆ ಹೆಸರು ಆಮೇಲೆ ಅಂಟ್ಕೊಂಡಿದ್ದು," ಅಂದರು ಮೇಡಂ. "ಸೆಂಟರ್ ಅನ್ನೋ ಮಾತೂ ಅವರ ಸ್ವಂತದ್ದಲ್ಲ. ಎತ್ತಿಗೆ ತಿವಿಯೋ ಕೋಲಿನ ಮೊನೆಗೆ ಗ್ರೀಕರು ಕೆಂಟ್ರಾನ್ ಅಂತಿದ್ರು. ವೃತ್ತ ಎಳೆಯೋಕೆ ಊರೋ ಮೊನೆಗೂ ಅದೇ ಹೆಸರಾಯ್ತು. ನಮ್ಮ ಕೇಂದ್ರ ಕೂಡ ಅಲ್ಲಿಂದ್ಲೇ ಬಂದಿದ್ದು."

"ಹಂಗಾದ್ರೆ ಮೂವತ್ತು ವರ್ಷ ಸೆಂಟರೇ ಇಲ್ಲದ ಸೆಂಟ್ರಿಂಗ್ ಮಾಡ್ಕೊಂಡು ಬಂದಿದೀನಿ ಅನ್ನಿ!" ಎಂದು ಬೆಣೆಯಣ್ಣ ನಕ್ಕ. ಬಿಚ್ಚುವಾಗ ಎರಡೂ ಕಡೆ ಸಮನಾಗಿ, ನಿಧಾನಕ್ಕೆ ಇಳಿಸಬೇಕು ಎಂದು ಮೇಡಂ ಹೇಳಿದ್ದಕ್ಕೆ ತಲೆಯನ್ನೂ ಆಡಿಸಿದ.

ಬಿಚ್ಚುವ ಬೆಳಿಗ್ಗೆ ಎಲ್ಲರೂ ಕೆಲಸ ಬಿಟ್ಟು ಬಂದು ನಿಂತಿದ್ದರು. ಬೆಣೆಯಣ್ಣ ಸುತ್ತಿಗೆ ಹಿಡಿದು ಅಚ್ಚಿನ ಕೆಳಗೆ ನುಸುಳಿದ. ತಲೆಗೇನೋ ಮೇಡಂ ಮಾತು ನೆನಪಿತ್ತು, ಕೈಗೆ ಮೂವತ್ತು ವರ್ಷದ ಚಾಳಿ. ಅಚ್ಚು ಹೊತ್ತ ಎಡಗಂಬದ ಬೆಣೆಗೆ ಒಂದೇ ಏಟು ಬಿತ್ತು. ಬೆಣೆ ಹಾರಿತು, ಅಚ್ಚು ಎಡಕ್ಕೆ ವಾಲಿತು, ಮೇಲೆಲ್ಲೋ ಕಿರ್ ಅಂದಿತು. ಗಾರೆಯ ಪುಡಿ ಅವನ ಹೆಗಲ ಮೇಲೆ ಉದುರಿತು.

"ಅಪ್ಪಾ, ನಿಲ್ಸು! ಎಡಗಡೆ ಬಿರುಕು ಬಿಡ್ತಿದೆ!" ಮಗಳು ಕೂಗಿದಳು.

ಬೆಣೆಯಣ್ಣ ತಟ್ಟನೆ ಮಂಡಿಯೂರಿದ. ನೆಲ ತಡಕಿ ಬೆಣೆ ಹುಡುಕಿ ಮತ್ತೆ ಕಂಬದ ಬುಡಕ್ಕೆ ಬಡಿದ. ತಿರುಗಿ ನೋಡಿದರೆ ಮಗಳು ಸುತ್ತಿಗೆ ಹಿಡಿದು ಬಲಗಂಬದ ಹತ್ತಿರ ಕೂತಿದ್ದಾಳೆ.

"ಆಚೆ ಹೋಗು ನೀನು! ಬಿದ್ರೆ ನನ್ನೊಬ್ಬನ ಮೇಲೆ ಬೀಳ್ಲಿ."

"ಒಬ್ಬರ ಕೈಲಿ ಸಮ ಆಗಲ್ಲಪ್ಪ. ನಾನು ಎಣಿಸ್ತೀನಿ, ನೀನು ಹೊಡಿ. ಮೆಲ್ಲಗೆ."

ಯಾವತ್ತೂ ಅವಳ ಮಾತಿಗೆ ಸೊಪ್ಪು ಹಾಕದವನು ಈಗ ಸುತ್ತಿಗೆ ಎತ್ತಿ ಹಿಡಿದ. ಅವಳು ಒಂದು ಅಂದಾಗ ಎರಡೂ ಸುತ್ತಿಗೆ ಒಟ್ಟಿಗೆ ಬಿದ್ದವು. ಎರಡು. ಮೂರು. ಪ್ರತಿ ಏಟಿಗೂ ಅವನು ಅವಳ ತಲೆಯ ಮೇಲಿನ ಇಟ್ಟಿಗೆಗಳನ್ನೇ ನೋಡುತ್ತಿದ್ದ. ಒಂಬತ್ತಕ್ಕೆ ಅಚ್ಚಿಗೂ ಕಮಾನಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಹದಿನಾಲ್ಕಕ್ಕೆ ಅಚ್ಚು ಪೂರ್ತಿ ಕೆಳಗೆ ಕೂತಿತು.

ಕಮಾನು ಬೀಳಲಿಲ್ಲ. ಆದರೆ ಕೂತಿದೆಯೋ ಇಲ್ಲವೋ ಗೊತ್ತಾಗಬೇಕಿತ್ತು. ಕಂಟ್ರಾಕ್ಟರ್ ತಾನೇ ಏಣಿ ಹತ್ತಿ, ಮೊಳೆಯ ದಾರ ಹಿಡಿದು ಕಮಾನಿನ ನೆತ್ತಿಗೆ ಎಳೆದ. ಕಮಾನು ಕೂತಿದ್ದರೆ ದಾರ ಸಡಿಲವಾಗಬೇಕು. ಬಿಗಿಯಾಗಿಯೇ ಇತ್ತು, ಗಂಟು ಇಟ್ಟಿಗೆಗೆ ಸರಿಯಾಗಿ ತಾಕಿತು. ಎಡಗಡೆ ಬಿರುಕಿನ ಹತ್ತಿರ ಎಳೆದ, ಅಲ್ಲೂ ತಾಕಿತು. ಬಿರುಕು ಮೇಲುಮೇಲಿನ ಗಾರೆಯದ್ದಷ್ಟೇ.

"ಭಲೇ ಬೆಣೆಯಣ್ಣ! ಕಮಾನು ನಿಲ್ಲಿಸಿಬಿಟ್ಟೆಯಲ್ಲಯ್ಯಾ!" ಎಂದು ಅವನು ಮೇಲಿನಿಂದಲೇ ಕೂಗಿದ.

ಬೆಣೆಯಣ್ಣ ಸುತ್ತಿಗೆ ಕೆಳಗಿಟ್ಟ.

"ನಾನು ಬೀಳಿಸ್ತಿದ್ದೆ ಸಾರ್," ಅಂದ, ಎಲ್ಲರಿಗೂ ಕೇಳುವ ಹಾಗೆ. "ನಿಲ್ಸಿದ್ದು ನನ್ನ ಮಗಳು. ಗಾರೆ ಕೆಲಸದೋಳು."