ಕಂಬ ಬಿಡದ ಕಸ್ತೂರಿ

ದೈಹಿಕ ಶಿಕ್ಷಕಿ ಸಾವಿತ್ರಿಬಾಯಿ ಖೋಖೋ ಆಡಿ ಬೆಳೆದವಳು. ಯಾದಗಿರಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಬೇಸ್‌ಬಾಲ್ ಕಲಿಸಬೇಕಾದಾಗ ಹುಡುಗಿಯರನ್ನು ಹಣಮಪ್ಪನ ಗುಡಿಗೆ ಕರೆದೊಯ್ದಳು. ಕಂಬದಿಂದ ಕಂಬಕ್ಕೆ ಓಡುವ ಕಂಬದಾಟ ಎಲ್ಲರಿಗೂ ಬರುತ್ತಿತ್ತು.

“ಬೇಸ್ ಅಂದ್ರ ಈ ಕಂಬ ಇದ್ದಂಗ. ಮುಟ್ಟಿ ನಿಂತ್ರ ಯಾರೂ ಔಟ್ ಮಾಡಂಗಿಲ್ಲ” ಎಂದಳು.

ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವಳು ಕಸ್ತೂರಿ. ಅವಳ ಮನೆಯವರು ವರ್ಷವೂ ದುಡಿಯಲು ಪುಣೆಗೆ ಗುಳೆ ಹೋಗುವವರು. ಈ ಸಲ ಅವಳನ್ನೂ ಶಾಲೆ ಬಿಡಿಸಿ ಒಯ್ಯಲು ತಾಯಿ ಹನುಮಮ್ಮ ನಿಶ್ಚಯಿಸಿದ್ದಳು. ಬೇಡವೆಂದು ಸಾವಿತ್ರಿಬಾಯಿ ಕೇಳಿಕೊಂಡಾಗ ಹನುಮಮ್ಮ, “ಜಿಲ್ಲಾ ಗೆದ್ದು ರಾಜ್ಯಕ್ಕ ಹೋದ್ರ ನಮ್ಮವ್ವನ ಹತ್ರ ಬಿಡ್ತೀನ್ರಿ. ಸೋತ್ರ ಕೇಳಬ್ಯಾಡ್ರಿ. ಕೂಸು ಹಿಡ್ಯಾಕ ನನಗೂ ಒಬ್ರು ಬೇಕು” ಎಂದಿದ್ದಳು.

ಜಿಲ್ಲಾ ಪಂದ್ಯ ಭೀಮರಾಯನಗುಡಿ ಊರಿನಲ್ಲಿ. ಕೊನೆಯ ಸರದಿಗೆ ಒಂದು ಓಟ ಹಿಂದಿದ್ದರು, ಇಬ್ಬರು ಔಟಾಗಿದ್ದರು. ಮೂರನೆಯವಳು ಔಟಾದರೆ ಆಟ ಮುಗಿದಂತೆ. ಮೂರನೇ ಬೇಸಿನಲ್ಲಿ ಕಸ್ತೂರಿ, ಎರಡನೆಯದರಲ್ಲಿ ಇನ್ನೊಬ್ಬಳು. ಇಬ್ಬರೂ ಓಡಿ ಬಂದರೆ ಗೆಲುವು.

ಅವರ ತಂಡದ ಅಂಜುಮ್ ಹೊಡೆದ ಚೆಂಡು ನೆಲಕ್ಕೆ ಹತ್ತಿಕೊಂಡು ಗೆರೆಯ ಒಳಗೇ ಬಂತು. ಅದು ತನ್ನತ್ತಲೇ ಬರುವುದನ್ನು ಕಂಡ ಕಸ್ತೂರಿ ಓಡಲಿಲ್ಲ, ಸರಿಯಲೂ ಇಲ್ಲ. ಬೇಸನ್ನು ಒತ್ತಿ ಮೆಟ್ಟಿ ನಿಂತಳು. ಹಿಂದೆ ಎದುರಾಳಿ ಹುಡುಗಿ ಕೈಯೊಡ್ಡಿ ಕಾದಿದ್ದಳು. ಚೆಂಡು ಕಸ್ತೂರಿಯ ಕಣಕಾಲಿಗೆ ಬಡಿಯಿತು.

ಅಂಪೈರಾಗಿದ್ದ ಶಿಕ್ಷಕ ನಸೀರುದ್ದೀನ ಕೈ ಎತ್ತಿದ. “ಔಟ್!”

“ಏ ಮಾಸ್ತರ, ಬೇಸ್ ಮ್ಯಾಲಿದ್ಲಲ್ರೀ! ಕಣ್ಣು ಮನ್ಯಾಗ ಇಟ್ಟು ಬಂದೀರೇನು?” ಕಸ್ತೂರಿಯ ಊರವರು ಮೈದಾನದೊಳಗೆ ನುಗ್ಗಿದರು.

ನಸೀರುದ್ದೀನ ಸಾವಿತ್ರಿಬಾಯಿಯತ್ತ ತಿರುಗಿದ. “ಮೇಡಂ, ನೀವ ಹೇಳ್ರಿ. ತಕರಾರು ಇದ್ರ ಆ ಚೆಂಡು ಮತ್ತ ಆಡಸ್ತೀನಿ.”

ಹೊಡೆದ ಚೆಂಡು ಕಾಯುವವರನ್ನು ದಾಟುವ ಮೊದಲೇ ಓಡುವವಳಿಗೆ ತಾಗಿದರೆ, ಬೇಸ್ ಮೇಲಿದ್ದರೂ ಅವಳು ಔಟ್. ಸಾವಿತ್ರಿಬಾಯಿಗೆ ಅದು ಗೊತ್ತಿತ್ತು. ಕಂಬ ತೋರಿಸಿ ಕಲಿಸುವಾಗ ಅದನ್ನು ಹೇಳುವುದು ಉಳಿದುಹೋಗಿತ್ತು. ಬೆಳಿಗ್ಗೆ ಹಣಮಪ್ಪನ ಮುಂದೆ ಕೈಮುಗಿದು ಬೇಡಿದ್ದು ಈ ಗೆಲುವನ್ನೇ. ಅದೇ ದೇವರ ಮುಂದೆ ಸಂಜೆಯೂ ನಿಲ್ಲಬೇಕಿತ್ತು.

“ಔಟ್ ಐತ್ರಿ” ಎಂದಳು.

ಕಸ್ತೂರಿ ಕುಂಟುತ್ತ ಬಂದಳು. “ಟೀಚರ್, ನಾ ಕಂಬ ಬಿಟ್ಟಿದ್ದಿಲ್ರಿ.”

“ಬಿಟ್ಟಿದ್ದಿಲ್ಲವ್ವಾ. ನಾನ ನಿನಗ ಪೂರಾ ಹೇಳಿದ್ದಿಲ್ಲ.”

ಮುಂದಿನ ವಾರ ಯಾದಗಿರಿ ಸ್ಟೇಷನ್ನಿಗೆ ಸಾವಿತ್ರಿಬಾಯಿ ಹೋದಳು. ಹನುಮಮ್ಮ ಗಂಟುಗಳ ಮೇಲೆ ಕುಳಿತಿದ್ದಳು. ಕೂಸು ಕಸ್ತೂರಿಯ ಕಂಕುಳಲ್ಲಿತ್ತು. ಕಣಕಾಲಿನ ಬಾವು ಇನ್ನೂ ಇಳಿದಿರಲಿಲ್ಲ. ಹುಡುಗಿ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒಂದು ಕೈ ಹಚ್ಚಿ ನಿಂತಿದ್ದಳು.

ಗಾಡಿ ಬಂತು. “ಬಾರೇ ಲಗೂನ!” ತಾಯಿ ಒದರಿದಳು.

ಕಸ್ತೂರಿ ಟೀಚರ್ ಕಡೆ ನೋಡಿದಳು. ಆಮೇಲೆ ಕೈ ತೆಗೆದಳು.